ಮೂತ್ರ: ದೇಹವು ಬರೆಯುವ ಲೆಕ್ಕಪತ್ರ

ಈ ಲೇಖನದ ಶೀರ್ಷಿಕೆಯನ್ನು ಕಂಡೊಡನೆ ಕೆಲವು ಓದುಗರು ಮುಖ ಸಿಂಡರಿಸಬಹುದು. ಮನೆಮಂದಿಯೆಲ್ಲ ಕೂಡಿ ಓದುವ ಪತ್ರಿಕೆಯಲ್ಲಿ ಇದಕ್ಕೇನು ಕೆಲಸವೆಂದು ಕೇಳಲೂಬಹುದು. ಮನೆಮಂದಿಯೆಲ್ಲ ಓದುವ ಪತ್ರಿಕೆಯೆಂಬುದೇ ಇದನ್ನು ಬರೆಯಲು ನಮಗೆ ಕಾರಣವಾಗಿದೆ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಸುತ್ತಿನ ಗ್ರಾಮಗಳಿಗೆ ಪ್ರವಚನಕ್ಕೆಂದು ಹೋದಾಗ, ಸಭೆ ಮುಗಿದು ಪ್ರಸಾದಕ್ಕೆ ಕುಳಿತ ವೇಳೆಯಲ್ಲಿ ಹಿರಿಯರು ಮೆಲ್ಲನೆ ಬಳಿಗೆ ಬಂದು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಶಿವಾಂಬು ಸೇವಿಸಿದರೆ ಸಕ್ಕರೆ ಕಾಯಿಲೆ ವಾಸಿಯಾಗುವುದೇ ಎಂದು ಒಬ್ಬರು. ಮೂತ್ರದಲ್ಲಿ ಕಲ್ಲು ಕಟ್ಟುವುದೇಕೆ ಎಂದು ಮತ್ತೊಬ್ಬರು. ತೆಂಗಿನ ಬುಡಕ್ಕೆ ಇದು ಗೊಬ್ಬರವೋ ವಿಷವೋ ಎಂದು ಇನ್ನೊಬ್ಬರು. ತಾಯಂದಿರು ಮಾತ್ರ ಏನನ್ನೂ ಕೇಳುವುದಿಲ್ಲ. ಉರಿಮೂತ್ರವನ್ನೂ ಕಿಬ್ಬೊಟ್ಟೆಯ ನೋವನ್ನೂ ತಿಂಗಳುಗಟ್ಟಲೆ ನುಂಗಿಕೊಂಡು, ಜ್ವರ ಏರಿದ ಮೇಲೆ ಆಸ್ಪತ್ರೆಗೆ ಹೋಗುವವರು ಅವರೇ. ಆ ಮೌನವನ್ನು ಮುರಿಯುವುದಕ್ಕಾದರೂ ಈ ವಿಷಯವನ್ನು ತಿಳಿಯಾಗಿ ಹೇಳಬೇಕಾಗಿದೆ.

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣರು ಒಪ್ಪಲಿಲ್ಲ. ದೇಹವನ್ನು ದೇವಾಲಯವಾಗಿ ಕಂಡ ಪರಂಪರೆಯವರು ಆ ದೇಹದ ಸಹಜ ಕ್ರಿಯೆಯೊಂದರ ವಿಷಯದಲ್ಲಿ ಬಾಯಿ ಕಟ್ಟಿಕೊಳ್ಳುವುದು ಉಚಿತವಲ್ಲ. ಶುಚಿತ್ವ ಬೇರೆ, ಸೂತಕ ಬೇರೆ. ಶುಚಿತ್ವಕ್ಕೆ ತಿಳಿವಳಿಕೆ ಬೇಕು. ಸೂತಕಕ್ಕೆ ಹೇಸಿಗೆಯೊಂದೇ ಸಾಕು. ಈ ಹೇಸಿಗೆಯ ಭಾರವನ್ನು ನಮ್ಮ ಸಮಾಜವು ಕೆಲವೇ ಜಾತಿಗಳ ತಲೆಯ ಮೇಲೆ ಶತಮಾನಗಳ ಕಾಲ ಹೊರಿಸಿತು. ಕರ್ನಾಟಕದಲ್ಲಿ 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 2013ರಲ್ಲಿ ಕೇಂದ್ರದ ಕಾಯಿದೆಯೂ ಬಂದಿತು. ಕಾಯಿದೆಯಿಂದ ಪದ್ಧತಿಯನ್ನು ತಡೆಯಬಹುದು. ಮನಸ್ಸಿನ ಹೇಸಿಗೆಯನ್ನು ತೆಗೆಯುವುದು ಅರಿವಿನ ಕೆಲಸ.

ಕೆರೆಗೆ ಕೋಡಿ, ದೇಹಕ್ಕೆ ಮೂತ್ರಪಿಂಡ

ಅರಸೀಕೆರೆಗೆ ಹೆಸರು ಬಂದುದು ಕೆರೆಯಿಂದ. ಹಳೇಬೀಡಿನ ಹಿಂದಿನ ಹೆಸರಾದ ದೋರಸಮುದ್ರಕ್ಕೂ ಕೆರೆಯೇ ಮೂಲ. ಕೆರೆ ಕಟ್ಟಿಸಿದ ಹಿರಿಯರು ಏರಿಯಷ್ಟೇ ಶ್ರದ್ಧೆಯಿಂದ ತೂಬನ್ನೂ ಕೋಡಿಯನ್ನೂ ಕಟ್ಟಿಸಿದರು. ನೀರು ಹೊರಹೋಗುವ ದಾರಿಯಿಲ್ಲದ ಕೆರೆ ತನ್ನ ಏರಿಯನ್ನೇ ಒಡೆದುಕೊಳ್ಳುತ್ತದೆ. ದೇಹದಲ್ಲಿ ಈ ಕಾವಲು ಎರಡು ಮೂತ್ರಪಿಂಡಗಳದು. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವನ್ನು ನೆಫ್ರಾನ್ ಎನ್ನುತ್ತಾರೆ. ಇವೆಲ್ಲ ಕೂಡಿ ದಿನವೊಂದಕ್ಕೆ ರಕ್ತದಿಂದ ಸುಮಾರು 180 ಲೀಟರಿನಷ್ಟು ದ್ರವವನ್ನು ಸೋಸುತ್ತವೆ. ಅದರಲ್ಲಿ ನೂರಕ್ಕೆ 99 ಪಾಲು ಮತ್ತೆ ರಕ್ತಕ್ಕೇ ಮರಳುತ್ತದೆ. ಉಳಿದ ಒಂದರಿಂದ ಎರಡು ಲೀಟರು ಮಾತ್ರ ಮೂತ್ರವಾಗಿ ಹೊರಬರುತ್ತದೆ. ಆದುದರಿಂದ ಇದನ್ನು ಕೇವಲ ಹೊಲಸೆನ್ನುವುದು ಸರಿಯಲ್ಲ. ದೇಹವು ಬೇಕಾದುದನ್ನು ಇಟ್ಟುಕೊಂಡು, ಹೆಚ್ಚಾದುದನ್ನು ಬಿಟ್ಟುಕೊಟ್ಟ ಲೆಕ್ಕಪತ್ರವಿದು.

ಆ ಲೆಕ್ಕದಲ್ಲಿ ಏನೇನಿದೆ? ನೂರು ಪಾಲಿನಲ್ಲಿ ಸುಮಾರು 95 ಪಾಲು ನೀರು. ಉಳಿದ ಘನಾಂಶದಲ್ಲಿ ಮೊದಲ ಸ್ಥಾನ ಯೂರಿಯಾದ್ದು. ಬೇಳೆ, ಕಾಳು, ಹಾಲು, ರಾಗಿಗಳಲ್ಲಿರುವ ಪ್ರೋಟೀನು ದೇಹದಲ್ಲಿ ಬಳಕೆಯಾದ ಮೇಲೆ ಅದರ ಸಾರಜನಕವು ಅಮೋನಿಯಾ ಆಗಿ ಉಳಿಯುತ್ತದೆ. ಅಮೋನಿಯಾ ರಕ್ತದಲ್ಲಿ ಹೆಚ್ಚಿದರೆ ಮಿದುಳಿಗೆ ವಿಷ. ಯಕೃತ್ತು ಅದನ್ನು ನಿರಪಾಯಕರವಾದ ಯೂರಿಯಾ ಆಗಿ ಮಾರ್ಪಡಿಸಿ ಮೂತ್ರಪಿಂಡಗಳಿಗೆ ಒಪ್ಪಿಸುತ್ತದೆ. ಊಟಕ್ಕೆ ತಕ್ಕಂತೆ ದಿನಕ್ಕೆ 10ರಿಂದ 30 ಗ್ರಾಂ ಯೂರಿಯಾ ಹೊರಹೋಗುತ್ತದೆ. ಎರಡನೆಯದು ಉಪ್ಪು. ಉಪ್ಪಿನಕಾಯಿ, ಹಪ್ಪಳಗಳ ಮೂಲಕ ನಾವು ಸೇವಿಸಿದ ಉಪ್ಪಿನ ಬಹುಭಾಗ ಇಲ್ಲಿಯೇ ಹೊರಬರುತ್ತದೆ. ಇನ್ನೊಂದು ಸ್ನಾಯುಗಳ ದುಡಿಮೆಯಿಂದ ಉಂಟಾಗುವ ಕ್ರಿಯಾಟಿನಿನ್, ದಿನಕ್ಕೆ ಒಂದರಿಂದ ಒಂದೂವರೆ ಗ್ರಾಂ. ಇದು ದಿನದಿಂದ ದಿನಕ್ಕೆ ಹೆಚ್ಚು ಏರಿಳಿಯದು. ಆದುದರಿಂದಲೇ ಇದು ರಕ್ತದಲ್ಲಿ ಹೆಚ್ಚಿತೆಂದರೆ ಮೂತ್ರಪಿಂಡ ಸೋತಿದೆಯೆಂದು ವೈದ್ಯರು ಗ್ರಹಿಸುತ್ತಾರೆ. ಇವುಗಳ ಜೊತೆಗೆ ಸುಮಾರು ಅರ್ಧ ಗ್ರಾಂ ಯೂರಿಕ್ ಆಮ್ಲ, ಪೊಟ್ಯಾಷಿಯಂ, ರಂಜಕದ ಹಾಗೂ ಗಂಧಕದ ಲವಣಗಳು, ಅಲ್ಪ ಪ್ರಮಾಣದಲ್ಲಿ ಸುಣ್ಣದಂಶ ಮತ್ತು ಮೆಗ್ನೀಷಿಯಂ ಇರುತ್ತವೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 3,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಉಂಡ ಅನ್ನ, ನುಂಗಿದ ಮಾತ್ರೆ, ಕುಡಿದ ಕಾಫಿ ಎಲ್ಲಕ್ಕೂ ಅಲ್ಲಿ ಗುರುತುಂಟು.

ಹಳದಿ ಬಣ್ಣಕ್ಕೆ ಕಾರಣ ಯೂರೋಬಿಲಿನ್ ಎಂಬ ವಸ್ತು. ರಕ್ತದ ಕೆಂಪುಕಣಗಳು ಸುಮಾರು ನಾಲ್ಕು ತಿಂಗಳು ಬಾಳಿ ಅಳಿಯುತ್ತವೆ. ಅವುಗಳ ಬಣ್ಣದ ಅಂಶವು ಬಿಲಿರುಬಿನ್ ಆಗಿ ಕರುಳನ್ನು ಸೇರುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮಾರ್ಪಡಿಸುತ್ತವೆ; ಕೊನೆಗೆ ಅದೇ ಯೂರೋಬಿಲಿನ್ ಆಗಿ ಬಣ್ಣ ಕೊಡುತ್ತದೆ. ಈ ಮಾರ್ಪಾಡನ್ನು ಮಾಡುವ ಕಿಣ್ವ ಯಾವುದೆಂಬುದು ಅಮೆರಿಕದ ವಿಜ್ಞಾನಿಗಳಿಗೆ ತಿಳಿದುಬಂದುದು 2024ರಲ್ಲಿ. ನಾವು ನಿತ್ಯವೂ ಕಾಣುವ ಬಣ್ಣವೊಂದರ ಗುಟ್ಟು ಇಷ್ಟು ತಡವಾಗಿ ಬಯಲಾಯಿತೆಂಬುದು ಯೋಚಿಸತಕ್ಕ ಸಂಗತಿ.

ಹೇಸದೆ ನೋಡಿದವರು ಕಂಡುದೇನು?

1669ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಹೆನ್ನಿಗ್ ಬ್ರಾಂಡ್ ಎಂಬಾತನು ಮೂತ್ರದ ಹೊಂಬಣ್ಣವನ್ನು ಕಂಡು ಅದರಲ್ಲಿ ಚಿನ್ನವಿರಬಹುದೆಂದು ಬಗೆದು, ಬಹಳಷ್ಟು ಮೂತ್ರವನ್ನು ಕುದಿಸಿ ಬತ್ತಿಸಿದನು. ಚಿನ್ನ ಸಿಗಲಿಲ್ಲ. ಕತ್ತಲೆಯಲ್ಲಿ ಹೊಳೆಯುವ ರಂಜಕವು ಸಿಕ್ಕಿತು. ಇಂದು ರೈತನು ಹೊಲಕ್ಕೆ ಹಾಕುವ ಡಿ.ಎ.ಪಿ. ಗೊಬ್ಬರದಲ್ಲಿರುವುದು ಆ ರಂಜಕವೇ. 1773ರಲ್ಲಿ ಫ್ರಾನ್ಸಿನ ರೂಯೆಲ್ ಮೂತ್ರದಿಂದ ಯೂರಿಯಾವನ್ನು ಬೇರ್ಪಡಿಸಿದನು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಎಂಬ ವಿಜ್ಞಾನಿ, ಮೂತ್ರಪಿಂಡದ ಹಂಗಿಲ್ಲದೆ ಪ್ರಯೋಗಶಾಲೆಯಲ್ಲಿಯೇ ಅದೇ ಯೂರಿಯಾವನ್ನು ತಯಾರಿಸಿ ತೋರಿಸಿದನು. ಜೀವಿಗಳ ದೇಹದಲ್ಲಿನ ವಸ್ತುಗಳನ್ನು ಜೀವಶಕ್ತಿಯಿಲ್ಲದೆ ಮಾಡಲಾಗದೆಂಬ ನಂಬಿಕೆ ಸಡಿಲಿದುದು ಅಂದಿನಿಂದ. ಕಾರ್ಖಾನೆಯಲ್ಲಿ ಯೂರಿಯಾ ತಯಾರಿಸುವ ವಿಧಾನ 1922ರಲ್ಲಿ ಜರ್ಮನಿಯಲ್ಲಿ ರೂಢಿಗೆ ಬಂದಿತು. ನಮ್ಮ ನಾಡಿನಲ್ಲಿ ಮಂಗಳೂರಿನ ಪಣಂಬೂರಿನ ಕಾರ್ಖಾನೆಯು 1970ರ ದಶಕದಿಂದ ಅದನ್ನು ತಯಾರಿಸತೊಡಗಿತು. ಮುಂಗಾರಿನಲ್ಲಿ ಸೊಸೈಟಿಯ ಮುಂದೆ ಸಾಲುಗಟ್ಟಿ ನಿಂತು ತರುವ ಚೀಲದೊಳಗಿನ ಯೂರಿಯಾಕ್ಕೂ ನಮ್ಮ ದೇಹದಿಂದ ಹೊರಹೋಗುವ ಯೂರಿಯಾಕ್ಕೂ ರಸಾಯನಶಾಸ್ತ್ರದಲ್ಲಿ ಭೇದವಿಲ್ಲ.

ಯೂರೋಪಿನವರಿಗಿಂತ ಬಹು ಮೊದಲೇ ನಮ್ಮ ಆಯುರ್ವೇದದ ಆಚಾರ್ಯರು ಮೂತ್ರವನ್ನು ಪರೀಕ್ಷಿಸಿ ಪ್ರಮೇಹವನ್ನು 20 ಬಗೆಯಾಗಿ ವಿಂಗಡಿಸಿದ್ದರು. ಜೇನಿನಂತೆ ಸಿಹಿಯಾದ ಮೂತ್ರವನ್ನು ಮಧುಮೇಹವೆಂದು ಕರೆದರು; ಅದಕ್ಕೆ ಇರುವೆ ಮುತ್ತುವುದನ್ನೂ ಗಮನಿಸಿದ್ದರು. ಆ ಸಿಹಿ ಸಕ್ಕರೆಯದೇ ಎಂಬುದನ್ನು 1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ಮೂತ್ರವನ್ನು ಇಂಗಿಸಿ ತೋರಿಸಿದನು. ಆರೋಗ್ಯವಂತರಲ್ಲಿ ಮೂತ್ರಪಿಂಡವು ಸಕ್ಕರೆಯನ್ನು ಹೊರಗೆ ಬಿಡುವುದಿಲ್ಲ. 100 ಮಿಲಿಲೀಟರು ರಕ್ತದಲ್ಲಿ ಸಕ್ಕರೆಯು ಸುಮಾರು 180 ಮಿಲಿಗ್ರಾಂ ಮೀರಿದಾಗ ಮಾತ್ರ ಅದು ಮೂತ್ರಕ್ಕೆ ಇಳಿಯುತ್ತದೆ. ಆದುದರಿಂದ ಮೂತ್ರದಲ್ಲಿ ಸಕ್ಕರೆ ಇಲ್ಲವೆಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ನಿಶ್ಚಿಂತರಾಗಬಾರದು; ರಕ್ತಪರೀಕ್ಷೆ ಅಗತ್ಯ.

ಅರಸೀಕೆರೆಯ ನೀರು, ಮನೆಯವರ ಮೂತ್ರ

ಅರಸೀಕೆರೆ ಬಯಲುಸೀಮೆ, ಬೇಲೂರು ಮಲೆನಾಡಿನ ಅಂಚು. ಅರಸೀಕೆರೆ ಸೀಮೆಯ ಕೆಲವು ಊರುಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿಗೆ ಇರುವುದು ಆ ಭಾಗದವರಿಗೆಲ್ಲ ತಿಳಿದ ವಿಷಯ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದೆಂದೂ, ಬೇರೆ ನೀರು ಸಿಗದಾಗ 1.5 ಮಿಲಿಗ್ರಾಂ ದಾಟಬಾರದೆಂದೂ ಭಾರತೀಯ ಮಾನಕವು ಹೇಳುತ್ತದೆ. ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ಹಲವು ವರ್ಷ ಹಾಗೆಯೇ ಮುಂದುವರಿದರೆ ಬೆನ್ನು, ಮಂಡಿಗಳು ಬಿಗಿಯುತ್ತವೆ. ದೇಹ ಸೇರಿದ ಫ್ಲೋರೈಡಿನಲ್ಲಿ ಎಲುಬಿಗೆ ಅಂಟದೆ ಉಳಿದುದು ಹೊರಹೋಗುವ ಮುಖ್ಯ ದಾರಿ ಮೂತ್ರವೇ. ಆದುದರಿಂದ ಫ್ಲೋರೋಸಿಸ್ ತಡೆಯುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನೀರಿನ ಜೊತೆಗೆ ಮೂತ್ರವನ್ನೂ ಪರೀಕ್ಷಿಸುತ್ತಾರೆ. ಊರಿನ ನೀರು ಎಂತಹುದೆಂಬುದನ್ನು ಊರವರ ಮೂತ್ರವೇ ಹೇಳುತ್ತದೆ. ಇಲ್ಲಿ ಒಂದು ಎಚ್ಚರಿಕೆ: ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಮೂತ್ರದ ಕಲ್ಲಿನ ವಿಷಯವೂ ರಸಾಯನಶಾಸ್ತ್ರದ್ದೇ. ಹೆಚ್ಚಿನ ಕಲ್ಲುಗಳು ಸುಣ್ಣದಂಶ ಮತ್ತು ಆಕ್ಸಲೇಟ್ ಕೂಡಿ ಆದವು. ಕೆಲವು ಯೂರಿಕ್ ಆಮ್ಲದವು. ಬಿಸಿಲಿನಲ್ಲಿ ದುಡಿಯುವವರ ದೇಹದ ನೀರು ಬೆವರಾಗಿ ಹೋಗುತ್ತದೆ. ಕುಡಿದ ನೀರು ಸಾಲದಿದ್ದರೆ ಮೂತ್ರವು ಗಟ್ಟಿಯಾಗಿ, ಕರಗಿದ್ದ ಲವಣವು ಹರಳುಗಟ್ಟುತ್ತದೆ. ಬತ್ತಿದ ಕೆರೆಯ ಅಂಗಳದಲ್ಲಿ ಉಪ್ಪು ಬಿಳುಪೇರುವುದನ್ನು ಬೇಸಿಗೆಯಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ದಿನಕ್ಕೆ ಎರಡರಿಂದ ಎರಡೂವರೆ ಲೀಟರು ಮೂತ್ರವಾಗುವಷ್ಟು ನೀರು ಕುಡಿಯಬೇಕೆಂದು ಕಲ್ಲಿನ ತೊಂದರೆಯುಳ್ಳವರಿಗೆ ವೈದ್ಯರು ಹೇಳುತ್ತಾರೆ. ನಿಂಬೆಹಣ್ಣಿನ ರಸದಲ್ಲಿರುವ ಸಿಟ್ರೇಟ್ ಹರಳು ಕಟ್ಟುವುದನ್ನು ತಡೆಯಲು ನೆರವಾಗುತ್ತದೆ. ಆದರೆ ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿದ್ದವರು ನೀರಿನ ಅಳತೆಯನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಜಾತ್ರೆಗೆ, ಮದುವೆಗೆ, ಬೇಲೂರು ಹಳೇಬೀಡುಗಳ ಪ್ರವಾಸಕ್ಕೆ ಹೊರಟ ಹೆಣ್ಣುಮಕ್ಕಳು ದಾರಿಯಲ್ಲಿ ಶೌಚಾಲಯ ಸಿಗದೆಂದು ಬೆಳಗಿನಿಂದಲೂ ನೀರು ಕುಡಿಯದೆ ಇರುತ್ತಾರೆ. ಶಾಲೆಗೆ ಹೋಗುವ ಬಾಲಕಿಯರದೂ ಇದೇ ಪಾಡು. ಮೂತ್ರ ಕಟ್ಟಿಕೊಂಡಷ್ಟೂ ಮೂತ್ರಕೋಶದಲ್ಲಿ ರೋಗಾಣುಗಳು ಬೆಳೆಯಲು ಅವಕಾಶ ಹೆಚ್ಚು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನಮಗೆಲ್ಲ ಹೆಮ್ಮೆಯ ಸಂಗತಿ. ಶಿಲಾಬಾಲಿಕೆಯರನ್ನು ನೋಡಲು ಬಂದ ಬಾಲಿಕೆಯರಿಗೆ ಶುಚಿಯಾದ ಒಂದು ಮರೆಯಿರುವಂತೆ ನೋಡಿಕೊಳ್ಳುವುದೂ ಆ ಹೆಮ್ಮೆಯ ಭಾಗವಾಗಬೇಕು. ಮಠಗಳೂ ಶಾಲಾ ಸಮಿತಿಗಳೂ ಕಲ್ಯಾಣಮಂಟಪದವರೂ ಕಟ್ಟಡಕ್ಕೆ ಕೈಹಾಕಿದಾಗ ಶೌಚಾಲಯದ ನಕ್ಷೆಯನ್ನು ಕೊನೆಗೆ ಬಿಡದೆ ಮೊದಲಿಗೇ ಬರೆಯಿಸಲಿ.

ಶಿವಾಂಬು ಎಂಬ ಹೆಸರಿನ ವಿಚಾರ

ಶಿವನ ಹೆಸರು ಸೇರಿದೊಡನೆ ನಮ್ಮವರಿಗೆ ಭಕ್ತಿ ಉಂಟಾಗುವುದು ಸಹಜ. ಡಾಮರತಂತ್ರದ ಭಾಗವೆಂದು ಹೇಳಲಾಗುವ ಶಿವಾಂಬುಕಲ್ಪದಲ್ಲಿ ಸ್ವಮೂತ್ರಪಾನವನ್ನು ಹೊಗಳಿದೆ. ಇಂಗ್ಲೆಂಡಿನ ಆರ್ಮ್‌ಸ್ಟ್ರಾಂಗ್ ಎಂಬಾತನು 1944ರಲ್ಲಿ ಇದೇ ಚಿಕಿತ್ಸೆಯ ಬಗ್ಗೆ ಪುಸ್ತಕ ಬರೆದನು. 1977ರಿಂದ 1979ರವರೆಗೆ ಪ್ರಧಾನಮಂತ್ರಿಗಳಾಗಿದ್ದ ಮೊರಾರ್ಜಿ ದೇಸಾಯಿಯವರು ತಾವು ಇದನ್ನು ಆಚರಿಸುವುದಾಗಿ ಮುಚ್ಚುಮರೆಯಿಲ್ಲದೆ ಹೇಳಿದರು. 99 ವರ್ಷ ಬಾಳಿದರು. ಅವರು ಮದ್ಯಮಾಂಸಗಳನ್ನು ಮುಟ್ಟದ, ಮಿತಾಹಾರದ, ಕಟ್ಟುನಿಟ್ಟಿನ ಜೀವನ ನಡೆಸಿದವರು. ಒಬ್ಬರ ದೀರ್ಘಾಯುಷ್ಯಕ್ಕೆ ಅವರ ಹತ್ತು ಅಭ್ಯಾಸಗಳಲ್ಲಿ ಒಂದೇ ಕಾರಣವೆಂದು ಹೇಳಲು ಯಾವ ಆಧಾರವಿದೆ?

ಚರಕಸಂಹಿತೆಯು ಔಷಧಕ್ಕೆಂದು ಎಂಟು ಮೂತ್ರಗಳನ್ನು ಹೇಳುತ್ತದೆ: ಕುರಿ, ಆಡು, ಹಸು, ಎಮ್ಮೆ, ಆನೆ, ಒಂಟೆ, ಕುದುರೆ, ಕತ್ತೆ. ಆ ಎಂಟರಲ್ಲಿ ಮನುಷ್ಯನದು ಇಲ್ಲ. ಸುಶ್ರುತಸಂಹಿತೆಯು ಮನುಷ್ಯಮೂತ್ರವನ್ನು ಹೆಸರಿಸಿದರೂ ವಿಷಹರವೆಂದು ಮಾತ್ರ ಹೇಳಿದೆ. ಇಂದಿನ ವೈದ್ಯಶಾಸ್ತ್ರದಲ್ಲಿ ಸ್ವಮೂತ್ರಪಾನದಿಂದ ಸಕ್ಕರೆ ಕಾಯಿಲೆಯಾಗಲಿ ಕ್ಯಾನ್ಸರಾಗಲಿ ವಾಸಿಯಾಗುತ್ತದೆಂಬುದಕ್ಕೆ ಪ್ರಮಾಣವಿಲ್ಲ. ಮೂತ್ರವು ದೇಹದೊಳಗೆ ರೋಗಾಣುರಹಿತವೆಂದು ಬಹುಕಾಲ ನಂಬಲಾಗಿತ್ತು. ಆರೋಗ್ಯವಂತರ ಮೂತ್ರಕೋಶದಲ್ಲಿಯೂ ಸೂಕ್ಷ್ಮಜೀವಿಗಳಿರುವುದು 2012ರ ಸುಮಾರಿಗೆ ಅಮೆರಿಕದ ಸಂಶೋಧಕರಿಂದ ತಿಳಿದುಬಂದಿತು. ಮೂತ್ರಪಿಂಡವು 180 ಲೀಟರು ಸೋಸಿ ಬೇಡವೆಂದು ಬಿಟ್ಟುದನ್ನು ಮತ್ತೆ ಒಳಗೆ ತಂದರೆ ಆ ದುಡಿಮೆಗೆ ಅರ್ಥವೇನು?

ಮೂತ್ರದಿಂದ ಔಷಧ ದೊರೆಯುವುದೇ ಇಲ್ಲವೆಂದು ಇದರ ಅರ್ಥವಲ್ಲ. ರಕ್ತದ ಹೆಪ್ಪನ್ನು ಕರಗಿಸುವ ಯೂರೋಕೈನೇಸ್ ಮೊದಲು ದೊರೆತುದು ಮಾನವ ಮೂತ್ರದಿಂದ. ಮುಟ್ಟು ನಿಂತ ಸ್ತ್ರೀಯರ ಮೂತ್ರದಲ್ಲಿ ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನು ಹೇರಳವಾಗಿರುವುದರಿಂದ, ಇಟಲಿಯ ಔಷಧ ಸಂಸ್ಥೆಯೊಂದು ಕಾನ್ವೆಂಟುಗಳ ವಯೋವೃದ್ಧ ಸನ್ಯಾಸಿನಿಯರಿಂದ ಅದನ್ನು ಸಂಗ್ರಹಿಸಿ ಬಂಜೆತನಕ್ಕೆ ಔಷಧವನ್ನು ತಯಾರಿಸಿತು. ಆ ಔಷಧದಿಂದ ಗರ್ಭವತಿಯಾದ ತಾಯಿಗೆ ಇಸ್ರೇಲಿನಲ್ಲಿ 1962ರಲ್ಲಿ ಮಗು ಹುಟ್ಟಿತು. ಸಂಸಾರವನ್ನು ತೊರೆದವರು ಬಿಟ್ಟುದು ಸಂಸಾರಿಗಳಿಗೆ ಸಂತಾನವಾಗಿ ಬಂದಿತು. ಆದರೆ ಅಲ್ಲಿ ಸಾವಿರಾರು ಲೀಟರಿನಿಂದ ಒಂದು ಅಂಶವನ್ನು ಬೇರ್ಪಡಿಸಿ, ಶುದ್ಧಿಮಾಡಿ, ಅಳತೆಯಿಂದ ಕೊಟ್ಟರೆಂಬುದನ್ನು ಮರೆಯಲಾಗದು.

ತೆಂಗಿನ ಪಾತಿಗೆ ಸಲ್ಲುವ ಲೆಕ್ಕ

ಅರಸೀಕೆರೆಯ ಬಾಳೆಲ್ಲ ತೆಂಗು, ಕೊಬ್ಬರಿಗಳನ್ನು ನೆಚ್ಚಿಕೊಂಡುದು. ನಮ್ಮ ಹಿರಿಯರು ಕೊಟ್ಟಿಗೆಯಲ್ಲಿ ಮಣ್ಣು ಹರಡಿ, ದನಗಳ ಗಂಜಲವನ್ನು ಹೀರಿದ ಮೇಲೆ ಅದನ್ನು ತಿಪ್ಪೆಗೆ ಸೇರಿಸಿ ಹೊಲಕ್ಕೆ ಒಯ್ಯುತ್ತಿದ್ದರು. ಗಂಜಲಕ್ಕೆ ಕೊಟ್ಟ ಬೆಲೆಯನ್ನು ತಮ್ಮದಕ್ಕೆ ಕೊಡಲಿಲ್ಲ. ಭಾರತದ ಆಹಾರಕ್ರಮವನ್ನು ಆಧರಿಸಿ ವಿಜ್ಞಾನಿಗಳು ಮಾಡಿದ ಅಂದಾಜಿನಂತೆ, ಒಬ್ಬರ ಮೂತ್ರದಲ್ಲಿ ವರ್ಷಕ್ಕೆ ಸುಮಾರು 2.3 ಕಿಲೋ ಸಾರಜನಕ, 0.3 ಕಿಲೋ ರಂಜಕ, 1.1 ಕಿಲೋ ಪೊಟ್ಯಾಷಿಯಂ ಇರುತ್ತವೆ. ಐದು ಜನರ ಮನೆಯಲ್ಲಿ ಸಾರಜನಕವೇ 11.5 ಕಿಲೋ, ಅಂದರೆ 25 ಕಿಲೋ ಯೂರಿಯಾಕ್ಕೆ ಸಮ. ಫಲ ಬಿಡುವ ತೆಂಗಿನ ಮರವೊಂದಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ಕೃಷಿ ತಜ್ಞರ ಶಿಫಾರಸು. ಆ ಲೆಕ್ಕದಲ್ಲಿ ಐದು ಜನರ ಮನೆಯ ಮೂತ್ರದಲ್ಲಿ 23 ಮರಗಳಿಗೆ ಸಾಕಾಗುವ ಸಾರಜನಕವೂ ಹತ್ತು ಮರಗಳಿಗೆ ರಂಜಕವೂ ಐದು ಮರಗಳಿಗೆ ಪೊಟ್ಯಾಷೂ ಇವೆ. ಸಂಗ್ರಹದಲ್ಲಿಯೂ ಗಾಳಿಗೂ ಒಂದಿಷ್ಟು ನಷ್ಟವಾದರೂ ಉಳಿದುದು ಅಲ್ಪವೇನಲ್ಲ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿ. ಶ್ರೀದೇವಿ, ಸಿ. ಎ. ಶ್ರೀನಿವಾಸಮೂರ್ತಿ ಮತ್ತಿತರ ವಿಜ್ಞಾನಿಗಳು ದೊಡ್ಡಬಳ್ಳಾಪುರ ತಾಲೂಕಿನ ನಾಗಸಂದ್ರದಲ್ಲಿ ಬಾಳೆಗೆ ಮಾನವ ಮೂತ್ರವನ್ನು ಗೊಬ್ಬರವಾಗಿ ಕೊಟ್ಟು ಪರೀಕ್ಷಿಸಿ, ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಿದರು. ಬೆಳೆಯು ಅದನ್ನು ಒಪ್ಪಿಕೊಂಡಿತು. ಮೂತ್ರದ ಜೊತೆಗೆ ಜಿಪ್ಸಮ್ ಸೇರಿಸಿದುದು ಆ ಪ್ರಯೋಗದ ಒಂದು ಮುಖ್ಯ ಅಂಶ. ಮೂತ್ರದಲ್ಲಿರುವ ಉಪ್ಪಿನ ಸೋಡಿಯಂ ಮಣ್ಣನ್ನು ಬಿಗಿಗೊಳಿಸದಂತೆ ಜಿಪ್ಸಮ್ಮಿನ ಸುಣ್ಣದಂಶ ನೋಡಿಕೊಳ್ಳುತ್ತದೆ.

ನಾವು ಮಠದಲ್ಲಿ ವಿದ್ಯಾರ್ಥಿಗಳಾಗಿದ್ದಾಗ, ಬಚ್ಚಲ ನೀರು ಹರಿಯುತ್ತಿದ್ದ ಕಡೆಯ ತೆಂಗುಗಳು ಉಳಿದವಕ್ಕಿಂತ ಸೊಂಪಾಗಿದ್ದವು. ಆದರೆ ಹುಡುಗರು ಮೂತ್ರಕ್ಕೆ ಕೂರುತ್ತಿದ್ದ ಮೂಲೆಯ ಹುಲ್ಲು ಮಾತ್ರ ಸುಟ್ಟಂತೆ ಕಂದಿರುತ್ತಿತ್ತು. ಒಂದೇ ವಸ್ತು ನೀರಿನೊಡನೆ ಹರಡಿದರೆ ಗೊಬ್ಬರ, ಒಂದೇ ಕಡೆ ಗಟ್ಟಿಯಾಗಿ ಬಿದ್ದರೆ ವಿಷ. ಆದುದರಿಂದ ಬಳಸುವವರು ಮುಚ್ಚಿದ ಡ್ರಮ್ಮಿನಲ್ಲಿ ಶೇಖರಿಸಿ, ಮೂರರಿಂದ ಹತ್ತು ಪಾಲು ನೀರು ಬೆರೆಸಿ, ಕಾಂಡಕ್ಕೆ ತಾಗದಂತೆ ಪಾತಿಗೆ ಹಾಕಿ ಮಣ್ಣು ಮುಚ್ಚಬೇಕು. ಮುಚ್ಚದಿದ್ದರೆ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮೂತ್ರಿಯ ನಾತವೆಂದು ನಾವು ಮೂಗು ಮುಚ್ಚಿಕೊಳ್ಳುವುದು ಅದಕ್ಕೇ. ಹಲವು ಮನೆಗಳ ಅಥವಾ ಶಾಲೆಯ ಮೂತ್ರವಾದರೆ ಒಂದರಿಂದ ಆರು ತಿಂಗಳು ಇಟ್ಟು ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಹೇಳುತ್ತದೆ. ಬೇಲೂರಿನ ಕಡೆಯ ಮಳೆಯು ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಅರಸೀಕೆರೆಯ ಬಯಲಿನಲ್ಲಿ ಅದು ನಿಲ್ಲುತ್ತದೆ. ಅಲ್ಲಿಯ ರೈತರು ಮಣ್ಣು ಪರೀಕ್ಷೆ ಮಾಡಿಸದೆ ಇದಕ್ಕೆ ಕೈಹಾಕಬಾರದು.

ಮನೆಯವರಿಗೆ ನಾಲ್ಕು ಮಾತು

ಮೂತ್ರವು ತಿಳಿಹಳದಿಯಾಗಿದ್ದರೆ ನೀರು ಸಾಕಾಗಿದೆ. ಗಾಢ ಹಳದಿಯಾದರೆ ನೀರು ಕುಡಿಯಿರಿ. ಬೀಟ್ರೂಟ್ ತಿಂದಾಗ ಕೆಂಪಾದರೆ, ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದಾಗ ಹೊಳೆಯುವ ಹಳದಿಯಾದರೆ ಭಯಬೇಡ. ಕಪ್ಪುಚಹಾದಂತಾಗಿ ಕಣ್ಣೂ ಹಳದಿಯಾದರೆ ಕಾಮಾಲೆಯ ಸಂದೇಹ. ನೊರೆ ಬಹುಕಾಲ ನಿಲ್ಲುತ್ತಿದ್ದರೆ ಪ್ರೋಟೀನು ಸೋರುತ್ತಿರಬಹುದು. ನೋವಿಲ್ಲದೆ ರಕ್ತ ಕಂಡರೆ, ವಿಶೇಷವಾಗಿ ವಯಸ್ಸಾದವರಲ್ಲಿ, ತಡಮಾಡದೆ ವೈದ್ಯರಲ್ಲಿಗೆ ಹೋಗಿರಿ. ರಾತ್ರಿಯೆಲ್ಲ ಏಳಬೇಕಾದರೆ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿ. ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿಯ ತೊಂದರೆಯೂ ಇರಬಹುದು. ಸೊಸೆಯೋ ಮಗಳೋ ಉರಿಯೆಂದು ಹೇಳಿಕೊಂಡರೆ ಅತ್ತೆಯವರು ನಾಚಿಕೆಯೆನ್ನದೆ ಜೊತೆಗೆ ಆಸ್ಪತ್ರೆಗೆ ನಡೆಯಲಿ. ಒಂದು ಚಿಕ್ಕ ಶೀಶೆಯ ಪರೀಕ್ಷೆಯಲ್ಲಿ ತಿಳಿಯುವುದನ್ನು ಮುಚ್ಚಿಟ್ಟು ಮೂತ್ರಪಿಂಡವನ್ನೇ ಕಳೆದುಕೊಂಡ ಮನೆಗಳು ಕಡಿಮೆಯಲ್ಲ.

ದೇಹವು ದಿನವೂ ತಪ್ಪದೆ ತನ್ನ ಲೆಕ್ಕವನ್ನು ಬರೆದೊಪ್ಪಿಸುತ್ತಿದೆ. ಅದನ್ನು ಹೇಸಿ ಓದದೆ ಬಿಡುವುದೂ ಬೇಡ, ಅಮೃತವೆಂದು ಕುಡಿಯುವುದೂ ಬೇಡ. ಓದಿ ತಿಳಿದು, ಮಣ್ಣಿನಿಂದ ಬಂದುದನ್ನು ಸಾಧ್ಯವಾದೆಡೆ ಕ್ರಮವರಿತು ಮಣ್ಣಿಗೇ ಮರಳಿಸೋಣ. ನಮ್ಮ ಮನೆಗಳಲ್ಲಿ ಈ ಮಾತು ನಾಚಿಕೆಯಿಲ್ಲದೆ ನಡೆಯುವಂತಾಗಲಿ ಎಂಬುದು ನಮ್ಮ ಹಾರೈಕೆ.